ಪಥ್ಯದವರ ಪಂಕ್ತಿಯಲ್ಲಿ ಪಾಸ್ತಾ

ಸಕ್ಕರೆ ಕಾಯಿಲೆ ಇದೆಯೆಂದು ವೈದ್ಯರು ಹೇಳಿದ ದಿನದಿಂದ ಎಷ್ಟೋ ಮನೆಗಳಲ್ಲಿ ಎರಡು ಅಡುಗೆ ಶುರುವಾಗುತ್ತದೆ. ಒಂದು ಎಲ್ಲರಿಗೆ, ಇನ್ನೊಂದು ಕಾಯಿಲೆಯವರಿಗೆ. ಹಬ್ಬದ ದಿನ ಹೋಳಿಗೆ ಬಡಿಸುತ್ತ ಬಂದವರು ಅವರ ಎಲೆಯ ಮುಂದೆ ಒಂದು ಕ್ಷಣ ತಡೆದು ನಿಲ್ಲುತ್ತಾರೆ. ಕೆಲವರು ನೋಡದವರಂತೆ ಮುಂದೆ ಹೋಗುತ್ತಾರೆ. ಕೆಲವರು ಕನಿಕರದಿಂದ ಕಾಲು ಹೋಳಿಗೆ ಮುರಿದು ಹಾಕುತ್ತಾರೆ. ಕಾಯಿಲೆಯ ನೋವಿನಲ್ಲಿ ಈ ಒಂದು ಕ್ಷಣದ ಪಾಲೂ ಇದೆ. ಸೂಜಿ, ಗುಳಿಗೆಗಳಿಗೆ ಒಗ್ಗಿಕೊಂಡವರು ಕೂಡ ಪಂಕ್ತಿಯಲ್ಲಿ ಕುಳಿತೂ ಹೊರಗಿನವರಾಗುವುದಕ್ಕೆ ಅಷ್ಟು ಸುಲಭವಾಗಿ ಒಗ್ಗುವುದಿಲ್ಲ.

ಇದು ನಮ್ಮ ನಾಡಿನ ಮಾತಷ್ಟೇ ಅಲ್ಲ. ಗೋಧಿಯ ಪಾಸ್ತಾವನ್ನೇ ನಿತ್ಯದ ಊಟ ಮಾಡಿಕೊಂಡಿರುವ ಇಟಲಿಯಲ್ಲಿ ಇದೇ ಪ್ರಶ್ನೆ ಇನ್ನೊಂದು ವೇಷದಲ್ಲಿ ಎದುರಾಗುತ್ತದೆ. ಅಲ್ಲಿ ಭಾನುವಾರದ ಮಧ್ಯಾಹ್ನ, ಹಬ್ಬ ಹರಿದಿನಗಳಲ್ಲಿ ಮನೆಮಂದಿಯೆಲ್ಲ ಸೇರಿದಾಗ ಮೇಜಿಗೆ ಬರುವ ತಿನಿಸು 'ಪಾಸ್ತಾ ಅಲ್ ಫೊರ್ನೊ'. ಎಂದರೆ, ಬೇಯಿಸಿದ ಪಾಸ್ತಾವನ್ನು ಸಾಸು, ಚೀಸು, ತರಕಾರಿ ಅಥವಾ ಖೀಮಾ ಜತೆ ಅಗಲವಾದ ಟ್ರೇಯಲ್ಲಿ ಹಾಸಿ, ಮೇಲ್ಭಾಗ ಕೆಂಪಗಾಗುವವರೆಗೆ ಓವನ್ನಿನಲ್ಲಿ ಸುಟ್ಟದ್ದು. ಸಿಸಿಲಿಯ ಪಲೆರ್ಮೊದಲ್ಲಿ ಬಳೆಯಂಥ ಸಣ್ಣ ಪಾಸ್ತಾದಿಂದ ಮಾಡುವ 'ಆನೆಲ್ಲೆತ್ತಿ'ಯ ಟ್ರೇಗಳನ್ನು ಆಗಸ್ಟ್ 15ರ ಬೇಸಿಗೆ ಹಬ್ಬದಂದು ಜನ ಸಮುದ್ರತೀರಕ್ಕೂ ಹೊತ್ತೊಯ್ಯುತ್ತಾರೆ. ಬೊಲೋನ್ಯಾದಲ್ಲಿ ಪದರ ಪದರವಾದ ಲಸಾನ್ಯಾ. ಹಿಂದಿನ ದಿನವೇ ಮಾಡಿಡಬಹುದು, ಹತ್ತು ಜನಕ್ಕೆ ಒಂದೇ ಟ್ರೇ ಸಾಕು. ಗರಿಗರಿಯಾದ ಮೂಲೆಯ ತುಂಡಿಗೆ ಮಕ್ಕಳು ಜಗಳವಾಡುತ್ತಾರೆ. ಕಷ್ಟದ ದಿನಗಳಲ್ಲಿ ಮನಸ್ಸಿಗೆ ಸಮಾಧಾನ ಕೊಡುವ ಊಟ ಯಾವುದೆಂದರೆ ಅಲ್ಲಿನ ಅನೇಕರು ಇದನ್ನೇ ಹೆಸರಿಸುತ್ತಾರೆ.

ಗೋಧಿ, ಹಾಲು, ಚೀಸು ಎಲ್ಲ ಸೇರಿದ ಇಂಥ ಊಟದಲ್ಲಿ ಮಧುಮೇಹಿಗೆ ಪಾಲುಂಟೇ? ಬಹುಕಾಲ ವೈದ್ಯಲೋಕದ ಉತ್ತರ 'ಇಲ್ಲ' ಎಂದೇ ಇತ್ತು. ಇಂದಿನ ಉತ್ತರ ಬೇರೆ. ಆ ಉತ್ತರ ಬದಲಾದ ಬಗೆಯನ್ನು ತಿಳಿಯಬೇಕಾದರೆ ಪಾಸ್ತಾದ ಕಥೆಯನ್ನೂ ಪಥ್ಯದ ಕಥೆಯನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು.

ರವೆಯ ಹಿಟ್ಟು, ಬಿಸಿಲಿನ ಒಣಗು

ಪಾಸ್ತಾವನ್ನು ಮಾರ್ಕೊ ಪೋಲೊ ಚೀನಾದಿಂದ ಇಟಲಿಗೆ ತಂದನೆಂಬ ಕಥೆ ಶಾಲಾಮಕ್ಕಳಿಗೂ ಗೊತ್ತು. ಆದರೆ ಅದು ಕಥೆಯೇ. ಪೋಲೊ ಊರಿಗೆ ಮರಳಿದ್ದು 1295ರಲ್ಲಿ. ಅದಕ್ಕೂ 16 ವರ್ಷ ಮೊದಲು, 1279ರಲ್ಲಿ, ಜಿನೋವಾದಲ್ಲಿ ಬರೆಸಿದ ಒಂದು ಆಸ್ತಿಪಟ್ಟಿಯಲ್ಲಿ ಬುಟ್ಟಿ ತುಂಬ ಮ್ಯಾಕರೋನಿ ಇದ್ದುದು ದಾಖಲಾಗಿದೆ. ಅದಕ್ಕೂ ಹಿಂದೆ, 1154ರಲ್ಲಿ, ಸಿಸಿಲಿಯ ದೊರೆ ಎರಡನೆಯ ರೋಜರನ ಆಸ್ಥಾನದಲ್ಲಿದ್ದ ಅರಬ್ ಭೂಗೋಳಶಾಸ್ತ್ರಜ್ಞ ಅಲ್ ಇದ್ರೀಸಿಯು ಪಲೆರ್ಮೊ ಬಳಿಯ ತ್ರಾಬಿಯಾ ಎಂಬ ಊರಿನ ವಿಷಯ ಬರೆದಿದ್ದಾನೆ. ಅಲ್ಲಿ 'ಇತ್ರಿಯ' ಎಂಬ ಒಣ ಶಾವಿಗೆಯನ್ನು ರಾಶಿಗಟ್ಟಲೆ ಮಾಡಿ ಹಡಗುಗಳಲ್ಲಿ ಹೊರಗೆ ಕಳುಹಿಸುತ್ತಿದ್ದರಂತೆ.

ಹೀಗೆ ಒಣಗಿಸಿ ಹಡಗಿಗೆ ಏರಿಸಲು ಸಾಧ್ಯವಾದದ್ದು ಡ್ಯುರಮ್ ಎಂಬ ಗಟ್ಟಿ ಗೋಧಿಯಿಂದ. ಬ್ರೆಡ್ಡಿನ ಗೋಧಿಯನ್ನು ಬೀಸಿದರೆ ನುಣ್ಣನೆಯ ಹಿಟ್ಟಾಗುತ್ತದೆ. ಡ್ಯುರಮ್ ಕಾಳು ಒಡೆದರೆ ಹಳದಿ ಬಣ್ಣದ ರವೆ ಬರುತ್ತದೆ. ಕನ್ನಡಿಗರಿಗೆ ಇದು ಅಪರಿಚಿತವಲ್ಲ. ನಮ್ಮ ಅಂಗಡಿಗಳಲ್ಲಿ ಉಪ್ಪಿಟ್ಟಿಗೆಂದು ಮಾರುವ ಬನ್ಸಿ ರವೆ ಡ್ಯುರಮ್ ಗೋಧಿಯದೇ. ಉತ್ತರ ಕರ್ನಾಟಕದಲ್ಲಿ ಸದಕ, ಜವೆ ಗೋಧಿ ಎಂದೆಲ್ಲ ಕರೆಯುವ ಹಳೆಯ ತಳಿ ಡ್ಯುರಮ್ಮಿನ ಹತ್ತಿರದ ಬಂಧು. ಎರಡರ ಕೋಶದಲ್ಲೂ 28 ವರ್ಣತಂತುಗಳು. ಬ್ರೆಡ್ಡಿನ ಗೋಧಿಯಲ್ಲಿ 42. ಬೇಸಿಗೆಯಲ್ಲಿ ಶಾವಿಗೆ ಹೊಸೆದು ಕೋಲಿನ ಮೇಲೆ ಬಿಸಿಲಿಗೆ ಹಾಕುವ ಹೆಂಗಸರನ್ನು ಕಂಡವರಿಗೆ ನೇಪಲ್ಸಿನ ಬೀದಿಗಳಲ್ಲಿ ಪಾಸ್ತಾ ಒಣಗಹಾಕಿದ ಹಳೆಯ ಚಿತ್ರಗಳು ಹೊಸದೆನಿಸಲಾರವು. ಇಟಲಿಯಂತೂ 1967ರಲ್ಲಿ ಕಾನೂನನ್ನೇ ಮಾಡಿ, ಅಲ್ಲಿ ಮಾರಾಟಕ್ಕೆ ತಯಾರಿಸುವ ಒಣ ಪಾಸ್ತಾ ಡ್ಯುರಮ್ ರವೆಯದೇ ಆಗಿರಬೇಕೆಂದು ವಿಧಿಸಿತು.

ಪದರ ಹಾಕುವ ಕ್ರಮವೂ ಹಳೆಯದೇ. ನೇಪಲ್ಸಿನ ರಾಜಮನೆತನದೊಡನೆ ಸಂಬಂಧವಿದ್ದ, 14ನೆಯ ಶತಮಾನದ ಆರಂಭದ್ದೆನ್ನಲಾದ 'ಲಿಬೆರ್ ದೆ ಕೊಕ್ವಿನಾ' ಎಂಬ ಲ್ಯಾಟಿನ್ ಪಾಕಗ್ರಂಥದಲ್ಲಿ, ತೆಳ್ಳಗೆ ಲಟ್ಟಿಸಿ ಕತ್ತರಿಸಿದ ಹಾಳೆಗಳನ್ನು ಬೇಯಿಸಿ ಚೀಸು ಮತ್ತು ಮಸಾಲೆಯೊಂದಿಗೆ ಒಂದರ ಮೇಲೊಂದು ಹಾಸುವ ವಿಧಾನವಿದೆ. ಆಗ ಟೊಮೆಟೊ ಯುರೋಪಿನಲ್ಲಿ ಇರಲೇ ಇಲ್ಲ. ಅಮೆರಿಕದಿಂದ ಬಂದ ಆ ಹಣ್ಣಿನ ಸಾಸು ಇಟಲಿಯ ಪಾಕಗ್ರಂಥಗಳಲ್ಲಿ ಕಾಣಿಸಿದ್ದು 17ನೆಯ ಶತಮಾನದ ಕೊನೆಗೆ. ಬೆಣ್ಣೆ, ಮೈದಾ, ಹಾಲಿನ ಬಿಳಿ ಸಾಸು ಸೇರಿಕೊಂಡು ಶ್ರೀಮಂತರ ಮನೆಯ ಓವನ್ನಿನ ಪಾಸ್ತಾ ಇನ್ನಷ್ಟು ಭಾರಿಯಾಯಿತು. 1958ರಲ್ಲಿ ಪ್ರಕಟವಾದ ಲಾಂಪೆದೂಸಾನ 'ಇಲ್ ಗತ್ತೊಪಾರ್ದೊ' ಕಾದಂಬರಿಯ ಔತಣದಲ್ಲಿ ಬರುವ ಮ್ಯಾಕರೋನಿಯ 'ತಿಂಬಾಲ್ಲೊ' ಆ ವೈಭವದ ಹೆಸರಾಂತ ಚಿತ್ರ. ಬೊಲೋನ್ಯಾದ ಪಾಲಕ್ ಬೆರೆಸಿದ ಹಸಿರು ಲಸಾನ್ಯಾದ ವಿಧಾನವನ್ನಂತೂ 2003ರಲ್ಲಿ ಆ ಊರಿನ ವಾಣಿಜ್ಯ ಸಂಸ್ಥೆಯಲ್ಲಿ ದಾಖಲೆಯಾಗಿಯೇ ಇಡಲಾಗಿದೆ. ಊಟವೊಂದನ್ನು ಜನ ಎಷ್ಟು ಹಚ್ಚಿಕೊಂಡಿರಬಹುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಪಥ್ಯದ ಹಾದಿ

ಇನ್ನು ಪಥ್ಯದ ಕಥೆ. ಸುಶ್ರುತ ಸಂಹಿತೆಯು ಪ್ರಮೇಹವನ್ನು ಎರಡು ಬಗೆಯಾಗಿ ವಿಂಗಡಿಸುತ್ತದೆ. ಒಂದು ಹುಟ್ಟಿನಿಂದ ಬಂದದ್ದು, ಇನ್ನೊಂದು ಅಪಥ್ಯದಿಂದ ಬಂದದ್ದು. ಈ ಕಾಯಿಲೆಗೂ ಊಟಕ್ಕೂ ಇರುವ ನಂಟನ್ನು ನಮ್ಮ ಹಿಂದಿನವರು ಅಷ್ಟು ಹಿಂದೆಯೇ ಗುರುತಿಸಿದ್ದರು. ಯುರೋಪಿನಲ್ಲಿ 1776ರಲ್ಲಿ ಲಿವರ್‌ಪೂಲಿನ ವೈದ್ಯ ಮ್ಯಾಥ್ಯೂ ಡಾಬ್ಸನ್, ರೋಗಿಯ ಮೂತ್ರವನ್ನು ಕುದಿಸಿ ಆರಿಸಿದಾಗ ಉಳಿಯುವುದು ಸಕ್ಕರೆಯಂಥ ವಸ್ತುವೆಂದು ತೋರಿಸಿಕೊಟ್ಟ. 1797ರಲ್ಲಿ ಸೇನಾ ವೈದ್ಯ ಜಾನ್ ರೋಲೊ, ಧಾನ್ಯವನ್ನು ಬಹುಮಟ್ಟಿಗೆ ಬಿಡಿಸಿ ಮಾಂಸ ಮತ್ತು ಕೊಬ್ಬಿನ ಆಹಾರ ಕೊಟ್ಟರೆ ಮೂತ್ರದ ಸಕ್ಕರೆ ಕಡಿಮೆಯಾಗುತ್ತದೆಂದು ಬರೆದ. 1870ರಲ್ಲಿ ಜರ್ಮನ್ ಸೈನ್ಯ ಪ್ಯಾರಿಸನ್ನು ಮುತ್ತಿದಾಗ ಊರಿಗೆ ಊರೇ ಹಸಿದಿತ್ತು. ಆ ಬರಗಾಲದಲ್ಲಿ ತನ್ನ ಮಧುಮೇಹಿಗಳ ಮೂತ್ರದಲ್ಲಿ ಸಕ್ಕರೆ ಇಳಿದದ್ದನ್ನು ಬೂಶಾರ್ದಾ ಎಂಬ ಫ್ರೆಂಚ್ ವೈದ್ಯ ಗಮನಿಸಿದ.

ಇದೇ ಬೂಶಾರ್ದಾ ಮಧುಮೇಹಿಗಳಿಗೆ ಗ್ಲುಟೆನ್ ಬ್ರೆಡ್ ತಿನ್ನಲು ಹೇಳುತ್ತಿದ್ದ. ಗೋಧಿಹಿಟ್ಟಿನ ಕಣಕವನ್ನು ನೀರಿನಲ್ಲಿ ತೊಳೆಯುತ್ತ ಹೋದರೆ ಬೆಳ್ಳಗಿನ ಪಿಷ್ಟವೆಲ್ಲ ಹರಿದುಹೋಗಿ, ರಬ್ಬರಿನಂತೆ ಎಳೆಯುವ ಒಂದು ಮುದ್ದೆ ಉಳಿಯುತ್ತದೆ. ಅದೇ ಗ್ಲುಟೆನ್, ಗೋಧಿಯ ಪ್ರೋಟೀನು. ಹಾಗೆ ತೊಳೆದು ಅದನ್ನು ಮೊದಲು ಬೇರ್ಪಡಿಸಿ ವಿವರಿಸಿದವನು ಲಸಾನ್ಯಾದ ಊರಾದ ಬೊಲೋನ್ಯಾದವನೇ ಆದ ಬೆಕ್ಕಾರಿ ಎಂಬ ವಿದ್ವಾಂಸ, 1728ರಲ್ಲಿ. ಪಿಷ್ಟ ಹೋದ ಮೇಲೆ ಉಳಿದ ಗ್ಲುಟೆನ್ನಿನ ಬ್ರೆಡ್ಡು ಸಕ್ಕರೆ ಏರಿಸದು ಎಂಬುದು ಬೂಶಾರ್ದಾನ ಲೆಕ್ಕ. ರುಚಿಯ ಮಾತು ಬೇರೆ. ಈ ಗ್ಲುಟೆನ್ ನಮ್ಮ ಕಥೆಯಲ್ಲಿ ಮತ್ತೆ ಬರುತ್ತದೆ, ಓದುಗರು ನೆನಪಿಟ್ಟುಕೊಳ್ಳಬೇಕು.

ಪಥ್ಯದ ಕಠೋರತೆ ತುತ್ತತುದಿ ಮುಟ್ಟಿದ್ದು 1910ರ ದಶಕದ ಅಮೆರಿಕದಲ್ಲಿ. ಫ್ರೆಡರಿಕ್ ಅಲೆನ್ ಎಂಬ ವೈದ್ಯನ ಕ್ರಮದಲ್ಲಿ ಮಧುಮೇಹದ ಮಕ್ಕಳನ್ನು ಹೆಚ್ಚುಕಡಿಮೆ ಉಪವಾಸ ಇಡಲಾಗುತ್ತಿತ್ತು. ಸಾವನ್ನು ಕೆಲವು ತಿಂಗಳು, ಕೆಲವು ವರ್ಷ ಮುಂದೂಡಲು ಅದು ಬಿಟ್ಟರೆ ಬೇರೆ ದಾರಿಯೇ ಇರಲಿಲ್ಲ. ಆ ದಾರಿ ತೆರೆದದ್ದು ಕೆನಡಾದ ಟೊರಾಂಟೊದಲ್ಲಿ. 1921ರ ಬೇಸಿಗೆಯಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಆರಂಭಿಸಿದ ಪ್ರಯೋಗ, ಮ್ಯಾಕ್ಲಿಯಾಡ್ ಮತ್ತು ಕಾಲಿಪ್ ಅವರ ನೆರವಿನಿಂದ ಮುಂದುವರಿದು, 1922ರ ಜನವರಿಯಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ಇನ್ಸುಲಿನ್ ಚುಚ್ಚುವಲ್ಲಿಗೆ ಮುಟ್ಟಿತು. ಮಕ್ಕಳು ಬದುಕಿದರು. ಆದರೆ ತಕ್ಕಡಿ, ಪಟ್ಟಿ, ನಿಷೇಧಗಳು ಉಳಿದವು. ಅಕ್ಕಿ, ಗೋಧಿ, ಆಲೂಗಡ್ಡೆ ಯಾವುದರ ಪಿಷ್ಟವಾದರೂ ಕೊನೆಗೆ ಸಕ್ಕರೆಯೇ ತಾನೆ, ಎಲ್ಲವೂ ಒಂದೇ ಎಂಬ ನಂಬಿಕೆ ಇನ್ನೂ 60 ವರ್ಷ ನಡೆಯಿತು.

ಎಲ್ಲ ಪಿಷ್ಟವೂ ಒಂದೇ ಅಲ್ಲ

ಆ ನಂಬಿಕೆಯನ್ನು ಅಲುಗಿಸಿದ್ದೂ ಟೊರಾಂಟೊವೇ. 1981ರಲ್ಲಿ ಅಲ್ಲಿನ ಡೇವಿಡ್ ಜೆಂಕಿನ್ಸ್ ಮತ್ತು ಸಂಗಡಿಗರು 62 ಬಗೆಯ ಆಹಾರಗಳನ್ನು ಪರೀಕ್ಷಿಸಿ ಪ್ರಕಟಿಸಿದರು. ಕ್ರಮ ಸರಳ. ಐದರಿಂದ ಹತ್ತು ಮಂದಿ ಆರೋಗ್ಯವಂತರಿಗೆ, 50 ಗ್ರಾಂ ಶರ್ಕರಪಿಷ್ಟ ಇರುವಷ್ಟು ಪ್ರಮಾಣದ ಒಂದು ಆಹಾರ ಕೊಡುವುದು; ಎರಡು ಗಂಟೆಗಳ ಕಾಲ ರಕ್ತದ ಸಕ್ಕರೆ ಎಷ್ಟು ಏರುತ್ತದೆಂದು ಅಳೆಯುವುದು; ಅಷ್ಟೇ ಗ್ಲೂಕೋಸು ಕುಡಿದಾಗಿನ ಏರಿಕೆಯನ್ನು 100 ಎಂದಿಟ್ಟು ಹೋಲಿಸುವುದು. ಹೀಗೆ ಬಂದ ಅಂಕಿಗೆ ಗ್ಲೈಸೆಮಿಕ್ ಸೂಚ್ಯಂಕವೆಂದು ಹೆಸರು. ಬಿಳಿ ಬ್ರೆಡ್ಡಿಗೆ 69, ಬಿಳಿ ಅಕ್ಕಿಗೆ 72 ಬಂದರೆ, ಸ್ಪಗೆಟಿಗೆ ಬಂದದ್ದು 50. ಗೋಧಿಯದೇ ಬ್ರೆಡ್ಡು, ಗೋಧಿಯದೇ ಪಾಸ್ತಾ. ಹಾಗಿದ್ದೂ ಈ ಅಂತರ ಏಕೆ?

ಉತ್ತರ ಕಣಕದ ಒಳರಚನೆಯಲ್ಲಿದೆ. ಬ್ರೆಡ್ಡಿನ ಹಿಟ್ಟು ಹುಳಿತು ಉಬ್ಬಿ, ಒಳಗೆಲ್ಲ ಗಾಳಿಯ ಗೂಡುಗಳಾಗುತ್ತವೆ. ಜೀರ್ಣರಸದ ಕಿಣ್ವಗಳು ಅದರೊಳಗೆ ಬೇಗ ನುಗ್ಗುತ್ತವೆ. ಪಾಸ್ತಾದ ಕಣಕ ಹುಳಿಯುವುದಿಲ್ಲ. ಗಟ್ಟಿಯಾಗಿ ನಾದಿದ ರವೆಯನ್ನು ಅಚ್ಚಿನಲ್ಲಿ ಒತ್ತಡದಿಂದ ಹಿಂಡಿ ತೆಗೆದು ಒಣಗಿಸುತ್ತಾರೆ. ಆಗ ಗ್ಲುಟೆನ್ ಬಲೆಯಂತೆ ಹೆಣೆದುಕೊಂಡು ಪಿಷ್ಟದ ಕಣಗಳನ್ನು ಒಳಗೆ ಹಿಡಿದಿಡುತ್ತದೆ. ಕಿಣ್ವಗಳು ಆ ಬಲೆಯನ್ನು ಬಿಡಿಸುತ್ತ ಬಿಡಿಸುತ್ತ ಒಳಹೋಗಬೇಕು. ಸಕ್ಕರೆ ರಕ್ತಕ್ಕೆ ಒಮ್ಮೆಲೇ ನುಗ್ಗದೆ ನಿಧಾನವಾಗಿ ಇಳಿಯುತ್ತದೆ. ಬೂಶಾರ್ದಾ ಪಿಷ್ಟವನ್ನು ಹೊರಹಾಕಿ ಗ್ಲುಟೆನ್ನನ್ನು ಮಾತ್ರ ಉಳಿಸಿಕೊಂಡಿದ್ದ. ಪಾಸ್ತಾದಲ್ಲಿ ಅದೇ ಗ್ಲುಟೆನ್ ಪಿಷ್ಟಕ್ಕೆ ಕಾವಲು ನಿಂತಿರುತ್ತದೆ.

ಈ ಕಾವಲು ಮುರಿಯುವುದು ಅತಿಯಾಗಿ ಬೇಯಿಸಿದಾಗ. ಇಟಲಿಯವರು ಪಾಸ್ತಾ 'ಆಲ್ ದೆಂತೆ' ಇರಬೇಕು, ಎಂದರೆ ಹಲ್ಲಿಗೆ ಸ್ವಲ್ಪ ಗಟ್ಟಿಯಾಗಿ ಸಿಗಬೇಕು, ಎಂದು ಹಟ ಹಿಡಿಯುವುದು ರುಚಿಗಾಗಿ. ಪ್ರಯೋಗಾಲಯ ಅದಕ್ಕೊಂದು ಆರೋಗ್ಯದ ಕಾರಣವನ್ನೂ ಕೊಟ್ಟಿತು. ಇಲ್ಲೊಂದು ಎಚ್ಚರಿಕೆ: ಅದೇ ಡ್ಯುರಮ್ ರವೆಯ ಉಪ್ಪಿಟ್ಟಿಗೆ ಪಾಸ್ತಾದ ಅಂಕಿ ಹೊಂದುವುದಿಲ್ಲ. ಉಪ್ಪಿಟ್ಟಿನಲ್ಲಿ ರವೆಯ ಕಾಳುಗಳು ಬಿಡಿಬಿಡಿಯಾಗಿ ನೀರು ಕುಡಿದು ಮೆತ್ತಗಾಗುತ್ತವೆ. ಹಿಂಡಿ ಬಿಗಿದ ಕಣಕ ಅಲ್ಲಿಲ್ಲ. ಹಾಗೆಯೇ ನಮ್ಮ ಪೇಟೆಯಲ್ಲಿ ಪಾಸ್ತಾ ಎಂದು ಸಿಗುವುದೆಲ್ಲ ಡ್ಯುರಮ್ಮಿನದಲ್ಲ. ಪೊಟ್ಟಣದ ಮೇಲಿನ ಪಟ್ಟಿಯಲ್ಲಿ ಡ್ಯುರಮ್ ರವೆ ಇದೆಯೋ ಮೈದಾ ಇದೆಯೋ ಎಂದು ಓದಿ ಕೊಳ್ಳುವುದು ಒಳ್ಳೆಯದು.

ಟ್ರೇಯ ಲೆಕ್ಕ

ನಿಧಾನವಾಗಿ ಏರುತ್ತದೆ ಎಂದಮಾತ್ರಕ್ಕೆ ಬೇಕಾದಷ್ಟು ತಿನ್ನಬಹುದೆಂದಲ್ಲ. ಸೂಚ್ಯಂಕ ವೇಗವನ್ನು ಹೇಳುತ್ತದೆ, ಮೊತ್ತವನ್ನು ಹೇಳುವುದಿಲ್ಲ. 1997ರಲ್ಲಿ ಹಾರ್ವರ್ಡಿನ ಸಂಶೋಧಕರು ಎರಡನ್ನೂ ಸೇರಿಸಿ ಗ್ಲೈಸೆಮಿಕ್ ಹೊರೆ ಎಂಬ ಲೆಕ್ಕವನ್ನು ಬಳಕೆಗೆ ತಂದದ್ದು ಇದಕ್ಕಾಗಿಯೇ. 100 ಗ್ರಾಂ ಒಣ ಪಾಸ್ತಾದಲ್ಲಿ 70ರಿಂದ 75 ಗ್ರಾಂ ಶರ್ಕರಪಿಷ್ಟವಿದೆ. ಇಟಲಿಯಲ್ಲಿ ಒಬ್ಬರ ಪಾಲೆಂದು ಲೆಕ್ಕ ಹಾಕುವುದು 80 ಗ್ರಾಂ. ಅದೂ ಅಳೆಯುವುದು ಬೇಯಿಸುವ ಮೊದಲು. ಬೆಂದ ಮೇಲೆ ಅದರ ತೂಕ ಇಮ್ಮಡಿಗೂ ಹೆಚ್ಚಾಗುತ್ತದೆ. ತಟ್ಟೆಯಲ್ಲಿ ಕಂಡದ್ದನ್ನು ನೋಡಿ ಅಂದಾಜು ಮಾಡುವವರು ಮೋಸ ಹೋಗುವುದು ಇಲ್ಲೇ.

ಎಂಟು ಜನರ ಒಂದು ಟ್ರೇಯನ್ನು ತೆಗೆದುಕೊಳ್ಳೋಣ. 400 ಗ್ರಾಂ ಪಾಸ್ತಾದಿಂದ ಸುಮಾರು 290 ಗ್ರಾಂ ಶರ್ಕರಪಿಷ್ಟ. ಒಂದು ಲೀಟರ್ ಹಾಲು, 100 ಗ್ರಾಂ ಮೈದಾದ ಬಿಳಿ ಸಾಸಿನಿಂದ ಸುಮಾರು 125 ಗ್ರಾಂ. ಹಾಲಿನಲ್ಲೂ ಸಕ್ಕರೆ ಇದೆಯೆಂಬುದು ಬಹಳ ಜನರ ಗಮನಕ್ಕೆ ಬರುವುದಿಲ್ಲ. 800 ಗ್ರಾಂ ಟೊಮೆಟೊದಿಂದ ಸುಮಾರು 35 ಗ್ರಾಂ. ಒಟ್ಟು 450. ಎಂಟು ತುಂಡು ಮಾಡಿದರೆ ತಲೆಗೆ 56 ಗ್ರಾಂ.

ಈಗ ಅದೇ ಟ್ರೇಯನ್ನು ಸ್ವಲ್ಪ ಬದಲಿಸೋಣ. ಪಾಸ್ತಾ 250 ಗ್ರಾಂ ಮಾತ್ರ: 180 ಗ್ರಾಂ. ಬಿಳಿ ಸಾಸಿನ ಬದಲು ನೇಪಲ್ಸಿನವರು ಲಸಾನ್ಯಾಕ್ಕೆ ಹಾಕುವ ರಿಕೊತ್ತಾ, ಅಂದರೆ ಹಾಲೊಡಕಿನಿಂದ ತೆಗೆದ ಮೆತ್ತನೆಯ ಗಿಣ್ಣಿನಂಥ ಚೀಸು, 400 ಗ್ರಾಂ: ಅದರಲ್ಲಿ 15 ಗ್ರಾಂ ಕೂಡ ಇರದು. ನಮ್ಮಲ್ಲಿ ಪನೀರನ್ನು ಪುಡಿಮಾಡಿ ಹಾಲಿನಲ್ಲಿ ಸ್ವಲ್ಪ ಸಡಿಲಿಸಿದರೂ ನಡೆಯುತ್ತದೆ. ಟೊಮೆಟೊ ಮೊದಲಿನಷ್ಟೇ. ಕಡಿಮೆ ಮಾಡಿದ ಪಾಸ್ತಾದ ಜಾಗಕ್ಕೆ ಸುಟ್ಟ ಬದನೆಕಾಯಿ, ಹಿಂಡಿದ ಪಾಲಕ್ ಒಂದು ಕಿಲೊ: 30ರಿಂದ 40 ಗ್ರಾಂ. ಒಟ್ಟು ಸುಮಾರು 265. ತುಂಡಿಗೆ 33 ಗ್ರಾಂ. ಒಂದು ಬಟ್ಟಲು, ಎಂದರೆ 150 ಗ್ರಾಂ, ಬಿಳಿ ಅನ್ನದಲ್ಲಿ 40 ಗ್ರಾಮಿಗೂ ಹೆಚ್ಚು ಇರುತ್ತದೆಂಬುದನ್ನು ನೆನೆದರೆ ಈ ತುಂಡು ಅಪಥ್ಯವೆನಿಸದು. ಟ್ರೇಯ ಎತ್ತರ ತಗ್ಗಿಲ್ಲ, ಮೇಲಿನ ಕೆಂಪು ಪದರ ಹಾಗೇ ಇದೆ. ಮನೆಯವರೆಲ್ಲ ಅದನ್ನೇ ತಿನ್ನಬಹುದು.

ಬದನೆಕಾಯಿಯ ಮಾತು ಬಂದದ್ದರಿಂದ ಹೇಳಬೇಕು: ದಕ್ಷಿಣ ಇಟಲಿಯಲ್ಲಿ ಪಾಸ್ತಾವೇ ಇಲ್ಲದೆ, ಬದನೆಯ ಹಾಳೆಗಳನ್ನೇ ಟೊಮೆಟೊ ಮತ್ತು ಚೀಸಿನೊಡನೆ ಪದರ ಹಾಕಿ ಸುಡುವ 'ಪಾರ್ಮಿಜಾನಾ' ಹಿಂದಿನಿಂದಲೂ ಇದೆ. ಎಣ್ಣೆಯಲ್ಲಿ ಕರಿಯದೆ ಸುಟ್ಟು ಮಾಡಿದರೆ ಮಧುಮೇಹಿಗೆ ಅದಕ್ಕಿಂತ ಹಗುರವಾದ ಹಬ್ಬದೂಟ ಸಿಗುವುದು ಕಷ್ಟ.

ಮಾಡುವ ಬಗೆಯಲ್ಲೂ ಮೂರು ಸಂಗತಿ ಗಮನಿಸಬೇಕು. ಮೊದಲನೆಯದು, ಪೊಟ್ಟಣದ ಮೇಲೆ ಹೇಳಿದ ಸಮಯದ ಮೂರನೆಯ ಎರಡು ಪಾಲು ಮಾತ್ರ ಪಾಸ್ತಾವನ್ನು ಕುದಿಸಬೇಕು. ಉಳಿದದ್ದನ್ನು ಓವನ್ನಿನಲ್ಲಿ ಸಾಸಿನ ತೇವವೇ ಬೇಯಿಸುತ್ತದೆ. ಪೂರ್ತಿ ಬೇಯಿಸಿ ಮತ್ತೆ ಸುಟ್ಟರೆ ಮೇಲೆ ಹೇಳಿದ ಬಲೆ ಹರಿದು ಪಾಸ್ತಾ ಹಿಟ್ಟಿನ ಮುದ್ದೆಯಾಗುತ್ತದೆ. ಎರಡನೆಯದು, ಓವನ್ನಿನಿಂದ ತೆಗೆದ ಟ್ರೇಯನ್ನು ಕಾಲು ಗಂಟೆ ಹಾಗೇ ಬಿಡಬೇಕು. ಪದರ ಬಿಗಿಯುತ್ತದೆ, ತುಂಡು ಸರಿಯಾಗಿ ಬರುತ್ತದೆ, ಅಳತೆಯೂ ಸರಿಹೋಗುತ್ತದೆ. ಮೂರನೆಯದು ತಂಗಳಿನ ವಿಷಯ. ಬೆಂದ ಪಿಷ್ಟ ತಣ್ಣಗಾದಾಗ ಅದರ ಒಂದು ಪಾಲು ಮತ್ತೆ ಗಟ್ಟಿಯಾಗಿ ಹೆಣೆದುಕೊಂಡು ಕಿಣ್ವಕ್ಕೆ ಸುಲಭವಾಗಿ ಒಗ್ಗದಂತಾಗುತ್ತದೆ. ಹಿಂದಿನ ದಿನ ಮಾಡಿ, ತಂಪಿನಲ್ಲಿಟ್ಟು, ಮರುದಿನ ಬಿಸಿ ಮಾಡಿ ತಿನ್ನುವ ರೂಢಿಗೆ ಇದರಿಂದ ಸಣ್ಣ ಲಾಭ ಇರಬಹುದು. ಆದರೆ ಆ ಲಾಭ ದೊಡ್ಡದಲ್ಲ. ಅದನ್ನು ನೆಚ್ಚಿ ಎರಡನೆಯ ತುಂಡಿಗೆ ಕೈಹಾಕುವಂತಿಲ್ಲ.

ಚೀಸಿನ ತೆರೆ

ಚೀಸು, ಬೆಣ್ಣೆ ಹೆಚ್ಚು ಹಾಕಿದರೆ ಸಕ್ಕರೆ ನಿಧಾನವಾಗಿ ಏರುತ್ತದಲ್ಲವೇ ಎಂದು ಕೆಲವರು ಕೇಳುತ್ತಾರೆ. ಅದು ನಿಜ, ಕೊಬ್ಬು ಜಠರದಿಂದ ಆಹಾರ ಕೆಳಗಿಳಿಯುವುದನ್ನು ತಡಮಾಡುತ್ತದೆ. ಆದರೆ ಅದೇ ಕಾರಣಕ್ಕೆ ಊಟವಾದ ಎರಡು ಗಂಟೆಗೆ ಸರಿಯಾಗಿದ್ದ ಸಕ್ಕರೆ, ನಾಲ್ಕೈದು ಗಂಟೆಗೆ ಏರಿ ಕೂರಬಹುದು. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೆ ಈ ತಡವಾದ ಏರಿಕೆ ಪಿಜ್ಜಾ, ಲಸಾನ್ಯಾಗಳಂಥ ಊಟದಲ್ಲಿ ಚಿರಪರಿಚಿತ. ಊಟದ ಮೊದಲು ತೆಗೆದುಕೊಂಡ ಇನ್ಸುಲಿನ್ನಿನ ಪ್ರಭಾವ ಮುಗಿಯುತ್ತ ಬಂದಾಗ ಸಕ್ಕರೆ ಬಂದು ಸೇರುತ್ತದೆ. ಇದಕ್ಕೆ ಎಷ್ಟು ಪ್ರಮಾಣ, ಯಾವಾಗ ಎಂಬುದನ್ನು ತಮ್ಮ ವೈದ್ಯರೊಂದಿಗೆ ಕುಳಿತು ನಿರ್ಧರಿಸಬೇಕೇ ಹೊರತು ನೆರೆಯವರ ಲೆಕ್ಕವನ್ನು ನಕಲು ಮಾಡುವಂತಿಲ್ಲ. ಮೇಲಾಗಿ ಮಧುಮೇಹಿಗಳಿಗೆ ಹೃದಯದ ಕಾಯಿಲೆಯ ಅಪಾಯ ಹೆಚ್ಚು. ಚೀಸಿನ ಕೊಬ್ಬು, ಉಪ್ಪು ಎರಡೂ ಅದಕ್ಕೆ ಒಳ್ಳೆಯದಲ್ಲ. ಘಾಟು ರುಚಿಯ ಹಳೆಯ ಚೀಸನ್ನು ತುರಿದು ಮೇಲೆ ಮಾತ್ರ ಉದುರಿಸಿದರೆ ಸ್ವಲ್ಪದರಲ್ಲೇ ಬಾಯಿಗೆ ತೃಪ್ತಿ ಸಿಗುತ್ತದೆ.

ಇಟಲಿಯ ಮಟ್ಟಿಗೆ ಇನ್ನೊಂದು ಮಾತಿದೆ. ಅಲ್ಲಿನ ಸಾರ್ಡೀನಿಯಾ ದ್ವೀಪ ಮಕ್ಕಳಲ್ಲಿ ಕಾಣುವ ಟೈಪ್ ಒಂದು ಮಧುಮೇಹ ಜಗತ್ತಿನಲ್ಲೇ ಅತಿ ಹೆಚ್ಚಾಗಿರುವ ಪ್ರದೇಶಗಳಲ್ಲೊಂದು. ಈ ಮಕ್ಕಳು ಅತಿಯಾಗಿ ತಿಂದು ಕಾಯಿಲೆ ತಂದುಕೊಂಡವರಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ಮೇದೋಜೀರಕ ಗ್ರಂಥಿಯ ಇನ್ಸುಲಿನ್ ಕೋಶಗಳನ್ನು ನಾಶ ಮಾಡಿರುತ್ತದೆ. ಇವರಲ್ಲಿ ಕೆಲವರಿಗೆ ಸೀಲಿಯಾಕ್ ಎಂಬ, ಗ್ಲುಟೆನ್ ಒಗ್ಗದ ಕಾಯಿಲೆಯೂ ಜತೆಯಾಗುತ್ತದೆ. ಸಾಮಾನ್ಯ ಜನರಲ್ಲಿ ಅದು ನೂರಕ್ಕೆ ಒಬ್ಬರಿಗೆ ಇದ್ದರೆ ಇವರಲ್ಲಿ ನೂರಕ್ಕೆ ಐದಾರು ಮಂದಿಗೆ. ಪಾಸ್ತಾದ ನಾಡಿನಲ್ಲಿ ಹುಟ್ಟಿ ಗೋಧಿಯ ಪಾಸ್ತಾವನ್ನೇ ಮುಟ್ಟುವಂತಿಲ್ಲ. ಜೋಳ, ಅಕ್ಕಿಯ ಪಾಸ್ತಾ ಸಿಗುತ್ತದೆ. ಆದರೆ ಗ್ಲುಟೆನ್ನಿನ ಬಲೆ ಅದರಲ್ಲಿ ಇಲ್ಲವಾದ್ದರಿಂದ ಗೋಧಿಯ ಅಂಕಿಯನ್ನು ಅದಕ್ಕೆ ಹಚ್ಚುವಂತಿಲ್ಲ. ಕಡಲೆ, ಮಸೂರದ ಹಿಟ್ಟಿನ ಪಾಸ್ತಾ ಪ್ರೋಟೀನು ಮತ್ತು ನಾರು ಹೆಚ್ಚಿರುವುದರಿಂದ ಇಂಥವರಿಗೆ ಅನುಕೂಲ. 2023ರ ಸೆಪ್ಟೆಂಬರಿನಲ್ಲಿ ಇಟಲಿಯ ಸಂಸತ್ತು ಈ ಎರಡೂ ಕಾಯಿಲೆಗಳಿಗಾಗಿ ದೇಶದ ಮಕ್ಕಳನ್ನು ತಪಾಸಣೆ ಮಾಡುವ ಕಾನೂನನ್ನು ಅಂಗೀಕರಿಸಿತು. ಕಾಯಿಲೆ ತಿಳಿಯದೆ ಪ್ರಜ್ಞೆ ತಪ್ಪಿ ಆಸ್ಪತ್ರೆ ಸೇರುವ ಮಕ್ಕಳನ್ನು ಮೊದಲೇ ಗುರುತಿಸುವುದು ಅದರ ಉದ್ದೇಶ.

ಮೊದಲು ಕೋಸಂಬರಿ

ಏನು ತಿನ್ನುತ್ತೇವೆ ಎಂಬುದರಷ್ಟೇ ಯಾವ ಕ್ರಮದಲ್ಲಿ ತಿನ್ನುತ್ತೇವೆ ಎಂಬುದೂ ಮುಖ್ಯವೆಂದು ಈಚಿನ ಪ್ರಯೋಗಗಳು ಹೇಳುತ್ತಿವೆ. 2015ರಲ್ಲಿ ನ್ಯೂಯಾರ್ಕಿನಲ್ಲಿ ಟೈಪ್ ಎರಡು ಮಧುಮೇಹದ 11 ಮಂದಿಗೆ ಒಂದೇ ಊಟವನ್ನು ಎರಡು ಕ್ರಮದಲ್ಲಿ ಕೊಟ್ಟು ನೋಡಿದರು. ತರಕಾರಿ, ಪ್ರೋಟೀನು ಮೊದಲು ತಿಂದು ಕಾಲು ಗಂಟೆ ಬಿಟ್ಟು ಬ್ರೆಡ್ಡು ತಿಂದಾಗ, ಒಂದು ಗಂಟೆಯ ಹೊತ್ತಿನ ಸಕ್ಕರೆ ಶೇಕಡ 37ರಷ್ಟು ಕಡಿಮೆಯಿತ್ತು. ಪ್ರಯೋಗ ಚಿಕ್ಕದು, ಆದರೆ ಮಾಡಿ ನೋಡುವುದಕ್ಕೆ ಖರ್ಚೇನೂ ಇಲ್ಲ. ಇಟಲಿಯಲ್ಲಿ ಪಾಸ್ತಾ ಮೊದಲು ಬಂದು ತರಕಾರಿ ಆಮೇಲೆ ಬರುವುದು ವಾಡಿಕೆ; ಅದನ್ನು ತಿರುಗಿಸಿಕೊಂಡರೆ ಆಯಿತು. ಎಲೆಯ ಮೇಲೆ ಮೊದಲು ಕೋಸಂಬರಿ, ಪಲ್ಯ ಬಡಿಸುವ ನಮಗಂತೂ ಇದು ಹೊಸ ಪಾಠವಲ್ಲ. ಆದರೆ ಅನ್ನ ಬರುವವರೆಗೆ ಅದನ್ನು ಮುಟ್ಟದೆ ಕಾಯುವುದನ್ನು ಬಿಡಬೇಕು.

ಊಟದ ನಂತರದ ನಡಿಗೆಯೂ ಹಾಗೆಯೇ. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಕ್ಕೊಮ್ಮೆ ಯಾವಾಗಲೋ 30 ನಿಮಿಷ ನಡೆಯುವುದಕ್ಕಿಂತ ಮೂರು ಊಟಗಳ ನಂತರ 10 ನಿಮಿಷ ನಡೆದವರಲ್ಲಿ ಊಟದ ಬಳಿಕದ ಸಕ್ಕರೆ ಶೇಕಡ 12ರಷ್ಟು ಕಡಿಮೆ ಕಂಡಿತು. ಇಟಲಿಯ ಊರುಗಳಲ್ಲಿ ಸಂಜೆಯ ಹೊತ್ತು ಮಕ್ಕಳು ಮರಿಗಳೊಂದಿಗೆ ಚೌಕದ ಸುತ್ತ ತಿರುಗುವ 'ಪಸ್ಸೆಜ್ಜಾತಾ' ಎಂಬ ರೂಢಿಗೆ ವೈದ್ಯರ ಚೀಟಿ ಬೇಕಿರಲಿಲ್ಲ.

ನಮ್ಮ ದೇಶದ ಪರಿಸ್ಥಿತಿ ಹಗುರವಾದುದಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೇಶವ್ಯಾಪಿ ಸಮೀಕ್ಷೆ 2023ರಲ್ಲಿ ಪ್ರಕಟವಾದಾಗ, 10 ಕೋಟಿಗೂ ಹೆಚ್ಚು ಮಂದಿಗೆ ಮಧುಮೇಹವಿದೆ, ಇನ್ನೂ 13 ಕೋಟಿಗೂ ಹೆಚ್ಚು ಮಂದಿ ಅದರ ಹೊಸ್ತಿಲಲ್ಲಿದ್ದಾರೆ ಎಂದು ತಿಳಿಯಿತು. ಅದೇ ಸಮೀಕ್ಷೆಯ 2025ರ ವರದಿಯಂತೆ ಭಾರತೀಯರ ಊಟದ ಶಕ್ತಿಯಲ್ಲಿ ಶೇಕಡ 62ರಷ್ಟು ಶರ್ಕರಪಿಷ್ಟದಿಂದಲೇ ಬರುತ್ತದೆ. ಆದ್ದರಿಂದ ಪಾಸ್ತಾ ತಿನ್ನುವ ದಿನ ಅದು ಅನ್ನ, ಚಪಾತಿಯ ಬದಲಿಗೆ ಬರಬೇಕು. ಅವುಗಳ ಮೇಲೆ ಇನ್ನೊಂದು ತಿನಿಸಾಗಿ ಬರಬಾರದು.

ಮಧುಮೇಹಿಗಳೆಲ್ಲರಿಗೂ ಒಪ್ಪುವ ಒಂದೇ ಪ್ರಮಾಣದ ಶರ್ಕರಪಿಷ್ಟವೆಂಬುದಿಲ್ಲ ಎಂದು ಅಮೆರಿಕದ ಮಧುಮೇಹ ಸಂಘದ ತಜ್ಞರು 2019ರಲ್ಲಿ ಸ್ಪಷ್ಟವಾಗಿ ಹೇಳಿದ್ದಾರೆ. ಕೆಲವರಿಗೆ ಅದನ್ನು ತೀರ ಕಡಿಮೆ ಮಾಡಿದರೆ ಅನುಕೂಲ. ಕೆಲವರಿಗೆ ಅಳತೆಯಲ್ಲಿ ತಿಂದರೂ ಸಾಕು. 33 ಗ್ರಾಮಿನ ತುಂಡು ತನ್ನ ದೇಹಕ್ಕೆ ಒಗ್ಗುತ್ತದೆಯೇ ಎಂಬುದನ್ನು ಊಟಕ್ಕೆ ಮೊದಲು ಒಮ್ಮೆ, ಎರಡು ಗಂಟೆಯ ನಂತರ ಒಮ್ಮೆ, ಚೀಸು ಹೆಚ್ಚಿದ್ದರೆ ನಾಲ್ಕು ಗಂಟೆಗೆ ಇನ್ನೊಮ್ಮೆ ಬೆರಳಿನ ಹನಿರಕ್ತ ನೋಡಿಯೇ ತಿಳಿಯಬೇಕು. ಅದನ್ನು ಬರೆದಿಟ್ಟುಕೊಂಡು ವೈದ್ಯರಿಗೆ ತೋರಿಸಿದರೆ ಅವರೂ ಮುಂದಿನ ಮಾತು ಹೇಳುವುದು ಸುಲಭ.

ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆ ನಮ್ಮಲ್ಲಿದೆ. ರೋಗ ಬಂದವರಿಗೂ ಊಟ ಬಲ್ಲವರಾಗಲು ಅವಕಾಶವಿದೆ ಎಂಬುದನ್ನು ಈ 200 ವರ್ಷಗಳ ಕಥೆ ತೋರಿಸುತ್ತದೆ. ಒಬ್ಬರಿಗಾಗಿ ಬೇರೆ ಪಾತ್ರೆಯಲ್ಲಿ ಸಪ್ಪೆ ಅಡುಗೆ ಮಾಡಿಟ್ಟಾಗ ಅವರು ಅದನ್ನು ಎದುರಿಗೆ ತಿಂದು, ಮರೆಯಲ್ಲಿ ಇನ್ನೇನನ್ನೋ ತಿನ್ನುವುದನ್ನು ಎಷ್ಟೋ ಮನೆಗಳು ಕಂಡಿವೆ. ಅದಕ್ಕಿಂತ ಮನೆಯ ಟ್ರೇಯನ್ನೇ ಎಲ್ಲರಿಗೂ ಒಪ್ಪುವಂತೆ ಕಟ್ಟಿ, ಅಳೆದು ಎಂಟು ತುಂಡು ಮಾಡಿದರೆ, ಬಡಿಸುವವರ ಕೈ ಯಾರ ಎಲೆಯ ಮುಂದೆಯೂ ತಡೆಯಬೇಕಾಗಿಲ್ಲ.